ಹುಣಸೆ ನೆನೆದರೆ ಒದ್ದೆಯಾಗುತ್ತಿದ್ದ ಕೆನ್ನೆ

ಮೊದಲು ಬೆಲೆ ಹೇಳಿಬಿಡುತ್ತೇನೆ. ನನ್ನ ಎಡಗೆನ್ನೆಯ ಮೇಲೆ ಕಡಲೆಬೇಳೆಯಷ್ಟು ಅಗಲದ ಒಂದು ಗುರುತಿದೆ. ಅದಕ್ಕೆ ನಾನು ತೆತ್ತದ್ದು ಒಂದಿಡೀ ಹುಣಸೆ ಸುಗ್ಗಿ, ಮೈಸೂರಿಗೆ ಹನ್ನೊಂದು ಸಲ ಬಸ್ಸು, ಒಂದು ಆಪರೇಷನ್ನು, ಎರಡೂವರೆ ತಿಂಗಳು ಸಪ್ಪೆ ಗಂಜಿ, ಜೊತೆಗೆ ಅಜ್ಜೀಪುರದ ಕಡೆಯ ಮೂವತ್ತೆರಡು ಮರ. ಯಾಕೆ ಹೀಗಾಯಿತು ಎಂದರೆ ಆಸ್ಪತ್ರೆಯ ಚೀಟಿಯಲ್ಲಿ ಒಂದು ಕಾರಣ ಬರೆದಿದ್ದಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ನನ್ನ ವಾರಗಿತ್ತಿ ಮಂಗಳಾಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು.

ನಾನು ಹುಣಸೆಹಣ್ಣಿನ ವ್ಯಾಪಾರದವಳು. ಮನೆ ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೊಳ್ಳುವ ಮರಗಳು ಯಳಂದೂರಿನ ಸುತ್ತ ಒಂದಷ್ಟು, ಹೆಚ್ಚಿನವು ಹನೂರಿನ ಆಚೆ ಅಜ್ಜೀಪುರದ ಕಡೆ, ಮಾರುವುದು ಕೊಳ್ಳೇಗಾಲದಲ್ಲಿ. ಕಾಯಿ ಮರದ ಮೇಲಿರುವಾಗಲೇ ನೋಡಿ ಇಡೀ ಮರದ ಫಸಲಿಗೆ ಬೆಲೆ ಕಟ್ಟಬೇಕು. ಅದಕ್ಕೆ ಕಣ್ಣು ಅರ್ಧ ಸಾಕು, ಉಳಿದರ್ಧ ನಾಲಿಗೆ ಬೇಕು. ಒಂದು ಹಣ್ಣು ಸುಲಿದು ಬಾಯಿಗಿಟ್ಟು, ಎಷ್ಟೇ ಹುಳಿಯಿದ್ದರೂ ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ, "ಹುಳೀನೇ ಇಲ್ವಲ್ಲಣ್ಣ, ಬರೀ ನಾರು" ಎನ್ನಬೇಕು. ಕಂಕುಳಲ್ಲಿ ಕುಕ್ಕೆ ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದವಳು ಇವತ್ತು ಒಂದು ಗೂಡ್ಸ್ ಆಟೋ, ಬೀಜ ಬಿಡಿಸುವ ಆರು ಹೆಂಗಸರನ್ನು ಇಟ್ಟುಕೊಂಡಿದ್ದೇನೆ ಎಂದರೆ ಅದು ಈ ಅಲ್ಲಾಡದ ಮುಖದಿಂದ.

ಮಂಗಳ ನನ್ನ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಅವಳಿಗೆ ದುಡಿಮೆ ಎಂದು ಏನೂ ಇರಲಿಲ್ಲ. ಎರಡು ಹಸು, ಅತ್ತೆಯ ಸೇವೆ, ಅಷ್ಟೆ. ಆದರೆ ವರ್ಷಕ್ಕೊಂದು ದಿನ ಅವಳು ದೇವತೆಯಾಗುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ನಮ್ಮೂರಲ್ಲಿ ಮಾರಮ್ಮನ ಹಬ್ಬ. ಹರಕೆ ಹೊತ್ತವರು ಅವತ್ತು ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಳು ದಾಟಿಸಿ, ಎರಡು ತುದಿಗೂ ನಿಂಬೆಹಣ್ಣು ಚುಚ್ಚಿಕೊಂಡು, ಮಾತಿಲ್ಲದೆ ಬಾವಿಯಿಂದ ಗುಡಿಯ ತನಕ ಬರಿಗಾಲಲ್ಲಿ ನಡೆಯಬೇಕು. ಮಂಗಳ ಆರು ವರ್ಷ ಹಾಕಿಸಿಕೊಂಡಿದ್ದಳು. ಅವತ್ತು ನಮ್ಮತ್ತೆ ಅವಳ ಕಾಲು ತೊಳೆದು, ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮನೆಗೆ ಮಿಕ್ಸಿ ತಂದವಳು ನಾನು, ಹೆಂಚು ತೆಗೆದು ತಾರಸಿ ಹಾಕಿಸಿದವಳು ನಾನು, ಅತ್ತೆಯ ಕಣ್ಣಿನ ಪೊರೆ ತೆಗೆಸಿದವಳೂ ನಾನೇ. ನಾನು ತೆಗೆಸಿಕೊಟ್ಟ ಕಣ್ಣಿಗೆ ಅವರು ಒತ್ತಿಕೊಳ್ಳುತ್ತಿದ್ದದ್ದು ಅವಳ ಕಾಲಿನ ನೀರು. ಮೂರನೇ ದಿನಕ್ಕೆ ಅವಳ ಕೆನ್ನೆಯಲ್ಲಿ ಎಲ್ಲಿ ಚುಚ್ಚಿದ್ದರು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಬೇರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಆ ವರ್ಷ ಹಬ್ಬ ಹದಿನೈದು ದಿನ ಇದೆ ಎನ್ನುವಾಗ ಊಟಕ್ಕೆ ಕೂತಲ್ಲೇ ಹೇಳಿದೆ, ಈ ಸಲ ಬೀಗ ನಾನು ಹಾಕಿಸಿಕೊಳ್ಳುತ್ತೇನೆ ಎಂದು. ಅತ್ತೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ನಿಂಗ್ಯಾಕವ್ವ ಅದು? ನೀನು ಯಾಪಾರದೋಳು, ನಾಕು ಕಡೆ ಓಡಾಡೋಳು. ಮಂಗ್ಳ ಆಕ್ಸ್ಕತಾಳೆ ಬುಡು."

"ಹರಕೆ ಹೊತ್ತಿವ್ನಿ ಅತ್ತೆ."

"ಯಾವಾಗ ಒತ್ತೆ? ಯಾತಕ್ಕೆ?"

"ಇವ್ರ ಹೊಟ್ಟೆನೋವಿಗೆ," ಎಂದು ಗಂಡನ ಕಡೆ ತೋರಿಸಿದೆ. ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಅವರದು. ಅವರಿಗೆ ಹೊಟ್ಟೆನೋವು ಬಂದು ಎರಡು ವರ್ಷವಾಗಿತ್ತು, ಸೋಡಾ ಕುಡಿದು ಹೋಗಿತ್ತು. ಅವರು ನನ್ನ ಮುಖ ನೋಡಿ ಸಾರು ಬಡಿಸಿಕೊಂಡರು.

"ಆಗ್ಲಿ ಅಕ್ಕ, ಇಬ್ರೂ ಆಕ್ಸ್ಕಳವ," ಎಂದಳು ಮಂಗಳ. ಮುಖದಲ್ಲಿ ಒಂದಿಷ್ಟೂ ಬೇಜಾರಿಲ್ಲ. ಬೇಜಾರು ಮಾಡಿಕೊಂಡಿದ್ದರೆ ನನಗೆ ಅಲ್ಲೇ ತೃಪ್ತಿಯಾಗಿ, ಬಹುಶಃ ಬೀಗದ ಆಸೆಯೇ ಬಿಟ್ಟುಹೋಗುತ್ತಿತ್ತೇನೋ.

ಅವಳದು ಮನೆತನದ ಹಳೇ ಬೆಳ್ಳಿ ಸರಳು, ಗೋಣಿ ಹೊಲಿಯುವ ದಬ್ಬಳಕ್ಕಿಂತ ತೆಳ್ಳಗೆ. ನಾನು ಕೊಳ್ಳೇಗಾಲದಲ್ಲಿ ಹೊಸದು ಮಾಡಿಸಿದೆ, ಅದರ ಎರಡರಷ್ಟು ದಪ್ಪ, ಮೊಳಕ್ಕೆ ಕಡಿಮೆಯಿಲ್ಲದ ಉದ್ದ. ಅಷ್ಟು ದಪ್ಪಕ್ಕೆ ಬೆಳ್ಳಿ ಹಾಕಿದರೆ ದುಬಾರಿ ಎಂದು ಹಿತ್ತಾಳೆಗೆ ಬೆಳ್ಳಿ ಬಣ್ಣ ಕೊಡಿಸಿದೆ. ಹಬ್ಬದ ಹಿಂದಿನ ದಿನ ಮಂಗಳ ತನ್ನ ಸರಳನ್ನು ಪಾತ್ರೆಗೆ ಹಾಕಿ ಒಲೆಯ ಮೇಲೆ ಕುದಿಸಲಿಟ್ಟು, "ನಿಮ್ದೂ ಕೊಡಿ ಅಕ್ಕ, ಒಂದರಲ್ಲೇ ಬೇಯ್ತದೆ" ಎಂದಳು. ಕುದಿಸಿದರೆ ನನ್ನದರ ಬಣ್ಣ ಬಿಟ್ಟು ಒಳಗಿನ ಹಿತ್ತಾಳೆ ಕಾಣುತ್ತದೆ. "ಹೊಸ್ದು ಕಣೇ, ಅದಕ್ಯಾಕೆ ಕುದಿಸೋದು" ಎಂದೆ.

ಬೀಗ ಚುಚ್ಚುವವರು ಚಿಕ್ಕಮಾದಯ್ಯ ಎಂಬ ಹಿರಿಯರು. ಅವರಪ್ಪನೂ ಅದೇ ಕೆಲಸ ಮಾಡಿದವರು. ಬಾವಿಯ ಹತ್ತಿರ ಮಂಗಳಾಳ ಬಾಯಿಯ ಮೂಲೆಯಿಂದ ಬೆರಳಗಲ ಬಿಟ್ಟು ಸರಳು ದಾಟಿಸಿದರು, ಒಂದು ಹನಿ ರಕ್ತ ಬರಲಿಲ್ಲ. ನನ್ನ ಸರದಿ ಬಂದಾಗ ಸರಳು ನೋಡಿ ತಲೆ ಕೆರೆದುಕೊಂಡರು. ಅಷ್ಟು ಮುಂದೆ ಚುಚ್ಚಿದರೆ ಈ ಭಾರಕ್ಕೆ ತುಟಿ ಜೋತುಬೀಳುತ್ತದೆ ಎಂದು ನನಗೂ ಗೊತ್ತಾಯಿತು.

"ಹಿಂದಕ್ಕೆ ಹಾಕಣ್ಣ, ಕೆನ್ನೆ ನಡುಮಧ್ಯಕ್ಕೆ."

"ಇಂದಕ್ಕೆ ಆಕ್ಬಾರ್ದು ಕನವ್ವ. ನಮ್ಮಪ್ಪನೂವೆ ಆಕ್ತಿರ್ನಿಲ್ಲ."

"ಯಾಕೆ?"

"ಯಾಕೆ ಅಂದ್ರೆ ನಂಗೇನ್ ಗೊತ್ತು. ಆಕ್ಬಾರ್ದು ಅಷ್ಟೆಯ."

ಚೌಕಾಸಿಯಲ್ಲಿ ಕಾರಣ ಹೇಳಲಾಗದವರನ್ನು ಮಣಿಸುವುದು ಬಹಳ ಸುಲಭ. ನಾನು ಮಾಡುತ್ತ ಬಂದಿರುವುದು ಅದನ್ನೇ. ಅಲ್ಲಿ ಮಾಂಸ ಜಾಸ್ತಿ, ನೋವು ಕಡಿಮೆ, ದೇವರಿಗೆ ಹಿಂದೆ ಮುಂದೆ ಇದೆಯೇ, ಸರಳು ನೆಟ್ಟಗೆ ನಿಂತರೆ ಊರಿಗೇ ಲಕ್ಷಣ ಎಂದೆಲ್ಲ ಹೇಳಿ, ನಿಂತ ನಿಲುವಿನಲ್ಲಿ ಅವರನ್ನು ಒಪ್ಪಿಸಿದೆ. ಪಾಪ, ಅವರು ಕೈ ಮುಗಿದು, ನನಗೆ ಸಂಬಂಧವಿಲ್ಲ ತಾಯಿ ಎನ್ನುವ ಹಾಗೆ ಗುಡಿಯ ಕಡೆ ನೋಡಿ ಚುಚ್ಚಿದರು. ಬಲಗಡೆ ಸರಾಗ ಹೋಯಿತು. ಎಡಗಡೆ ಏನೋ ತಡೆದ ಹಾಗಾಯಿತು, ಆಮೇಲೆ ಹೋಯಿತು.

ಅತ್ತೆ ಇಬ್ಬರ ಕಾಲನ್ನೂ ತೊಳೆದರು. ಮೊದಲು ಅವಳದು.

ಮಾರನೆಯ ದಿನದಿಂದ ಮಂಗಳ ಮೂರು ದಿನ ಮನೆ ಬಿಟ್ಟು ಕದಲಲಿಲ್ಲ. ಆರಿದ ಗಂಜಿ ಕುಡಿಯುವುದು, ಕುಡಿದ ಮೇಲೆ ಉಪ್ಪುನೀರು ಮುಕ್ಕಳಿಸುವುದು, ಮಾತಿಗೆ ಬದಲು ಕೈಸನ್ನೆ. "ಅಕ್ಕ, ನೀವೂ ಮೂರು ದಿನ ಓಗ್ಬ್ಯಾಡಿ, ವಿಭೂತಿನ ಗಾಯದೊಳಕ್ಕೆ ತುಂಬ್ಬ್ಯಾಡಿ" ಎಂದು ಅಷ್ಟಕ್ಕೆ ಮಾತ್ರ ಬಾಯಿ ಬಿಟ್ಟಳು. ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದಳೇ ಎನಿಸಿತು. ಬೆಳಗಿನ ಬಸ್ಸಿಗೇ ಅಜ್ಜೀಪುರಕ್ಕೆ ಹೊರಟೆ. ಎರಡು ಕೆನ್ನೆಗೂ ವಿಭೂತಿ, ಅದರ ಮೇಲೆ ಅರಿಶಿನ, ಬಾಯಿಗೆ ಎಲೆಯಡಿಕೆ. ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರು ಗಾಯ ನೋಡಿ ಕೈ ಮುಗಿದರು. ಆ ದಿನದ ಸುಖ ಅದೊಂದೇ.

ನಾಲ್ಕನೆಯ ದಿನ ಎಡಗೆನ್ನೆ ಊದಿ ಕಣ್ಣು ಮುಚ್ಚಿತು. ಜ್ವರ, ಬಾಯಿ ಎರಡು ಬೆರಳಷ್ಟೂ ತೆರೆಯದು. ಕೊಳ್ಳೇಗಾಲದ ಒಂದು ಕ್ಲಿನಿಕ್ಕಿನಲ್ಲಿ ಕೀವು ತೆಗೆದು, ಧನುರ್ವಾಯುವಿನ ಇಂಜೆಕ್ಷನ್ ಚುಚ್ಚಿ, ಮಾತ್ರೆ ಬರೆದುಕೊಟ್ಟರು. ವಾರಕ್ಕೆ ಊತ ಇಳಿಯಿತು. ಬಲಗೆನ್ನೆ ಮುಚ್ಚಿಕೊಂಡಿತು. ಎಡಗಡೆ ಮಾತ್ರ ಸೂಜಿಮೊನೆಯಷ್ಟು ತೂತು ಉಳಿಯಿತು. ಉಳಿದರೆ ಉಳಿಯಲಿ, ಹೊಳೆಯುವ ಮೂಗುತಿ ಹಾಕಿದರಾಯಿತು ಎಂದು ಗಂಡನ ಹತ್ತಿರ ತಮಾಷೆ ಮಾಡಿದೆ.

ಅದು ಬರೀ ತೂತಲ್ಲ ಎಂದು ತಿಳಿದದ್ದು ಅಜ್ಜೀಪುರದ ಕೆಂಪಣ್ಣನ ಹೊಲದಲ್ಲಿ. ಕೆಂಪಣ್ಣ ವರ್ಷವೂ ನನಗೇ ಮರ ಕೊಡುವವನು. ಬದುವಿನ ಹಳೇ ಮರ, ಅದರ ಹಣ್ಣಿಗೆ ಕೊಳ್ಳೇಗಾಲದಲ್ಲಿ ಬೇರೆಯದೇ ಬೆಲೆ. ಒಂದು ಹಣ್ಣು ಸುಲಿದು ಬಾಯಿಗಿಟ್ಟೆ. ಹುಳಿ ನೆತ್ತಿಗೆ ಹತ್ತಿತು. ಮುಖ ಅಲ್ಲಾಡಿಸದೆ, "ಈ ವರ್ಷ ಮರ ಸೋತದೆ ಕೆಂಪಣ್ಣ, ಹುಳಿ ಇಲ್ಲ" ಎಂದೆ.

ಕೆಂಪಣ್ಣ ನನ್ನ ಕೆನ್ನೆಯನ್ನೇ ನೋಡುತ್ತಿದ್ದ.

"ಹುಳಿ ಇಲ್ವಾ? ಬಾಯಿ ಇಲ್ಲ ಅಂತದೆ, ಕೆನ್ನೆ ನೀರು ಬುಡ್ತಾದಲ್ಲಕ್ಕ."

ಮುಟ್ಟಿ ನೋಡಿದೆ. ತೂತಿನಿಂದ ನೀರು ಜಿನುಗಿ ಗಲ್ಲದ ತನಕ ಇಳಿದಿತ್ತು. ಸೆರಗಿನಲ್ಲಿ ಒರೆಸಿದಷ್ಟೂ ಬಂತು. ಬಾಯಲ್ಲಿ ಹುಣಸೆ ಇತ್ತಲ್ಲ, ಅದು ನಿಲ್ಲುವುದು ಹೇಗೆ? ಕೆಂಪಣ್ಣ ನಗುತ್ತ ಹೋದ ವರ್ಷಕ್ಕಿಂತ ಹೆಚ್ಚು ಬೆಲೆ ಹೇಳಿದ. ಒಂದು ರೂಪಾಯಿಯೂ ಇಳಿಸಲಾಗದೆ ಎದ್ದುಬಂದೆ. ಎರಡೇ ದಿನದಲ್ಲಿ ಆ ಕಡೆಯ ನಾಲ್ಕು ಹಳ್ಳಿಗೆ ಸುದ್ದಿ ಹಬ್ಬಿತ್ತು: ಯಳಂದೂರಿನ ಅಕ್ಕ ಬಂದರೆ ಬಾಯಿ ನೋಡಬೇಡಿ, ಕೆನ್ನೆ ನೋಡಿ.

ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಒಂದು ಬಟ್ಟೆ. ಸಾರಿನ ವಾಸನೆ ಬಂದರೆ ಸಾಕು, ಹನಿ. ನೆಂಟರ ಮದುವೆಗೆ ಹೋಗಿ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸಿದ್ದಕ್ಕೇ ಎದ್ದುಬಂದೆ. ನನಗೆ ಹೆದರಿಕೆಯಾಗುತ್ತಿದ್ದದ್ದು ರೋಗಕ್ಕಲ್ಲ, ನನ್ನ ಕಸುಬಿಗೆ. ಗುಟ್ಟು ನಿಲ್ಲದ ಮುಖ ಇಟ್ಟುಕೊಂಡು ಯಾವ ಮರಕ್ಕೆ ಬೆಲೆ ಕಟ್ಟಲಿ? ಅತ್ತೆ ಮಾತ್ರ ಒಂದೇ ಮಾತು ಹೇಳಿದರು. "ಇಲ್ಲದ ಅರಕೆಗೆ ಬೀಗ ಆಕ್ಸ್ಕಂಡ್ರೆ ತಾಯಿ ಎಂಗೆ ಒಪ್ತಾಳೆ." ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಾಲು ತೊಳೆದಿದ್ದರು.

ಕ್ಲಿನಿಕ್ಕಿನವರು ಇದು ತಮ್ಮ ಕೈಯಲ್ಲಿ ಆಗುವುದಲ್ಲ ಎಂದು ಮೈಸೂರಿನ ಒಂದು ದೊಡ್ಡ ಹಲ್ಲಿನ ಆಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಕಾಯುವ ಕೋಣೆಯಲ್ಲಿ ಸಿಮೆಂಟಿನ ಬೆಂಚು, ಕೈಯಲ್ಲಿ ನಂಬರು. ನನ್ನ ಪಕ್ಕದಲ್ಲಿ ತಾಯಿ ಮಗಳು ಕೂತಿದ್ದರು. ಮಗಳು ಕಾಲೇಜು ಹುಡುಗಿ, ನಾಲಿಗೆಯ ಮಧ್ಯಕ್ಕೆ ಲೋಹದ ಗುಂಡು ಚುಚ್ಚಿಸಿಕೊಂಡಿದ್ದಾಳೆ. ನಾಲಿಗೆ ಊದಿ, ಗುಂಡು ಮಾಂಸದೊಳಗೆ ಅರ್ಧ ಹೂತುಹೋಗಿದೆ. ತಾಯಿ ಬೈದು ಬೈದು ಸುಸ್ತಾಗಿ ನನ್ನ ಕಡೆ ತಿರುಗಿದರು.

"ನಿಮ್ದೇನಮ್ಮ?"

ಸೆರಗು ಸರಿಸಿ ತೋರಿಸಿದೆ. "ಬಾಯಿಬೀಗ. ದೇವ್ರುದು."

"ನೋಡು," ಎಂದು ತಾಯಿ ಮಗಳನ್ನು ತಿವಿದರು. "ಅವ್ರು ದೇವ್ರಿಗೆ ಚುಚ್ಚುಸ್ಕಂಡವ್ರೆ. ನೀನು ಯಾರಿಗೆ ಚುಚ್ಚುಸ್ಕಂಡೆ?"

ಹುಡುಗಿಗೆ ಮಾತು ಹೊರಳದು. ಫೋನಿನಲ್ಲಿ ಬರೆದು ನನಗೇ ತೋರಿಸಿದಳು. ರೂಮ್‌ಮೇಟ್ ಹಾಕಿಸಿಕೊಂಡಿದ್ದಳು, ಅವಳಿಗೆ ಚೆನ್ನಾಗಿ ಕಾಣುತ್ತಿತ್ತು ಎಂದಿತ್ತು. ಓದಿ ಫೋನು ವಾಪಸು ಕೊಟ್ಟೆ. ಆ ಕೋಣೆಯಲ್ಲಿ ನಾವಿಬ್ಬರೂ ಒಂದೇ ಕಾರಣಕ್ಕೆ ಕೂತಿದ್ದೆವು. ಅವಳು ಬರೆದು ತೋರಿಸಿದಳು, ನಾನು ದೇವರ ಹೆಸರು ಹೇಳಿದೆ, ವ್ಯತ್ಯಾಸ ಅಷ್ಟೆ.

ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಕೆನ್ನೆ ಒತ್ತಿ ನೋಡಿ, ಹುಳಿ ಪದಾರ್ಥ ಏನಾದರೂ ತರಿಸಲೇ ಎಂದು ನರ್ಸಿನ ಕಡೆ ತಿರುಗಿದರು. ನನ್ನ ಚೀಲದಲ್ಲಿ ಮಾದರಿಯ ಹುಣಸೆ ಇತ್ತು. ತೆಗೆದು ಕೈಯಲ್ಲಿ ಹಿಡಿದೆ, ಬಾಯಿಗಿಡುವ ಮೊದಲೇ ಕೆನ್ನೆ ಒದ್ದೆ. ಅವರು ನಕ್ಕುಬಿಟ್ಟರು. "ಇಷ್ಟು ಸುಲಭವಾಗಿ ಯಾರ ಖಾಯಿಲೆಯೂ ನನಗೆ ಗೊತ್ತಾಗಿರಲಿಲ್ಲಮ್ಮ," ಎಂದರು. ಆಮೇಲೆ ಕಾಗದದ ಮೇಲೆ ಮುಖ ಬರೆದು ತೋರಿಸಿದರು. ಕಿವಿಯ ಮುಂದೆ ಉಗುಳು ಹುಟ್ಟುವ ಜಾಗ, ಅಲ್ಲಿಂದ ಕೆನ್ನೆಯ ನಡುವೆ ಹಾದು ಬಾಯೊಳಗೆ ತೆರೆಯುವ ಒಂದು ಸಣ್ಣ ನಾಲೆ. ಸರಳು ಆ ನಾಲೆಯನ್ನೇ ಕತ್ತರಿಸಿದೆ. ಕೀವಾದ ಮೇಲೆ ನೀರು ಹೊರಗೆ ದಾರಿ ಮಾಡಿಕೊಂಡಿದೆ. ನನ್ನ ತವರು ಸತ್ತೇಗಾಲ. ನಾಲೆ ಒಡೆದರೆ ಗದ್ದೆಗೆ ಹೋಗುವ ನೀರು ರಸ್ತೆಗೆ ಬರುವುದನ್ನು ನೋಡಿ ಬೆಳೆದವಳು, ತಟ್ಟನೆ ಅರ್ಥವಾಯಿತು.

"ಮುಂದಕ್ಕೆ, ಬಾಯಿ ಮೂಲೆ ಹತ್ತಿರ ಚುಚ್ಚಿದ್ದರೆ?"

"ಅಲ್ಲಿ ಈ ನಾಲೆ ಇಲ್ಲ. ನಿಮ್ಮಲ್ಲಿ ಚುಚ್ಚುವವರಿಗೆ ಇದು ಗೊತ್ತಿರುತ್ತದಲ್ಲ?"

ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ. ನಾನದನ್ನು ಡಾಕ್ಟರಿಗೆ ಹೇಳಲಿಲ್ಲ.

ಮೊದಲು ಆಪರೇಷನ್ ಇಲ್ಲದೆ ನೋಡೋಣ ಎಂದರು. ತಲೆಯಿಂದ ಗಲ್ಲಕ್ಕೆ ಬಿಗಿಯಾಗಿ ಕಟ್ಟುವ ಬಟ್ಟೆ, ಬಾಯಿ ಒಣಗಿಸುವ ಮಾತ್ರೆ, ಹುಳಿ ಖಾರ ಅಗಿಯುವುದು ಯಾವುದೂ ಇಲ್ಲದೆ ಇಪ್ಪತ್ತು ದಿನ. ನಾನು ಹತ್ತು ದಿನಕ್ಕೆ ಕೇಳಿದೆ. "ಇದು ಸಂತೆ ಅಲ್ಲಮ್ಮ," ಎಂದರು. ಕೊನೆಗೆ ಹದಿನೈದನೇ ದಿನ ಒಂದು ಸಲ ಬಿಚ್ಚಿ ನೋಡೋಣ ಎನ್ನಿಸಿಯೇ ಎದ್ದೆ.

ಆದರೆ ಸುಗ್ಗಿ ನಿಲ್ಲುವುದಿಲ್ಲವಲ್ಲ. ಮರ ನಿಗದಿ ಮಾಡಬೇಕು, ಕೋಲಿನಲ್ಲಿ ಬಡಿಸಿ ಹಣ್ಣು ಉದುರಿಸಬೇಕು. ಗಂಡನಿಗೆ ಚೌಕಾಸಿ ಬಾರದು, ಕೇಳಿದ ಬೆಲೆಗೆ ಥ್ಯಾಂಕ್ಸ್ ಹೇಳಿ ಬರುವ ಮನುಷ್ಯ. ಮನೆಯಲ್ಲಿ ಉಳಿದವಳು ಒಬ್ಬಳೇ. ನಾನಾಗಿ ಕೇಳಲಿಲ್ಲ, ಅತ್ತೆಯೇ ಹೇಳಿದರು. ಮಂಗಳ ಹಸುವಿಗೆ ಹುಲ್ಲು ಹಾಕಿ, ಸೀರೆ ಬದಲಿಸಿ, ಆರು ಹೆಂಗಸರ ಜೊತೆ ನನ್ನ ಗೂಡ್ಸ್ ಆಟೋ ಹತ್ತಿ ಹೊರಟಳು. ಕಿಟಕಿಯಿಂದ ನೋಡಿದೆ. ಡ್ರೈವರ್ ಪಕ್ಕದ ನನ್ನ ಜಾಗದಲ್ಲಿ ಅವಳು ಕೂತಿದ್ದಳು.

ಅವತ್ತಿನಿಂದ ಬಟ್ಟೆ ಕಟ್ಟಿದ ಮುಖ ಇಟ್ಟುಕೊಂಡು ನಾನು ಮಾಡುತ್ತಿದ್ದದ್ದು ಒಂದೇ ಕೆಲಸ, ಅವಳು ಸೋತು ಬರಲಿ ಎಂದು ಕಾಯುವುದು. ಅವಳು ಸೋತರೆ ನಷ್ಟ ನನಗೇ. ಆದರೂ ಕಾದೆ. ಅವಳು ಸೋಲಲಿಲ್ಲ. ಮೂರನೇ ಸಲ ಹೋದಾಗ ಕೆಂಪಣ್ಣನ ಮರವನ್ನು, ಅವನು ನನಗೆ ಹೇಳಿದ್ದಕ್ಕಿಂತ ಕಡಿಮೆಗೆ, ಮುಗಿಸಿಕೊಂಡು ಬಂದಳು.

"ಏನ್ ಹೇಳಿ ಇಳಿಸಿದೆ?" ಎಂದು ಹಲ್ಲುಕಚ್ಚಿಕೊಂಡೇ ಕೇಳಿದೆ, ಬಟ್ಟೆ ಬಿಗಿದಿದ್ದರಿಂದ ಬೇರೆ ದಾರಿಯೂ ಇರಲಿಲ್ಲ.

"ನಾನೇನೂ ಕೇಳ್ನಿಲ್ಲ ಅಕ್ಕ. ಅವ್ರ ಮಗ್ಳು ಬಾಣಂತಿ, ಮಗು ಆಲು ಕುಡೀತಿರ್ನಿಲ್ಲ ಅಂದ್ರು. ವಸಿ ವೊತ್ತು ಕೂತು ಮಗೀನ ಎಂಗ್ ಇಡ್ಕಬೇಕು ಅಂತ ತೋರ್ಸ್ಕೊಟ್ಟೆ. ಕುಡೀತು. ಆಮೇಲೆ ಅವ್ರೇ ಏಳುದ್ರು, ಇಷ್ಟಕ್ಕೆ ತಕಂಡೋಗವ್ವ ಅಂತ."

"ಹಣ್ಣು ಚೆನ್ನಾಗಿರಕ್ಕಿಲ್ಲ, ಅದಕ್ಕೇ ಕೊಟ್ಟವ್ನೆ."

"ಚೆಂದಾಗದೆ ಅಕ್ಕ. ಮಾದರಿ ತಂದಿವ್ನಿ," ಎಂದು ಸೆರಗಿನ ಗಂಟು ಬಿಚ್ಚಿ ಮೊರದಲ್ಲಿಟ್ಟು ಹಸುವಿನ ಕಡೆ ಹೋದಳು.

ಅವತ್ತಿಗೆ ಹನ್ನೊಂದು ದಿನ ಕಳೆದಿತ್ತು. ಕೆನ್ನೆ ಬಹುಮಟ್ಟಿಗೆ ಒಣಗಿತ್ತು. ಮೊರದ ಮುಂದೆ ಕೂತು ನೋಡಿದೆ. ಕಂದು ಬಣ್ಣ, ಮೆತ್ತಗೆ, ಒಳ್ಳೆ ಹಣ್ಣಿನ ಹಾಗೇ ಇತ್ತು. ಆದರೆ ಬಣ್ಣ ಮೋಸ ಮಾಡುತ್ತದೆ, ನಾಲಿಗೆಯೇ ಹೇಳಬೇಕು. ಅವಳು ಮೋಸಹೋಗಿದ್ದಾಳೆ ಎಂದು ಹೇಳುವ ಒಂದು ಅವಕಾಶಕ್ಕಾಗಿ, ಬಟ್ಟೆ ಸಡಿಲಿಸಿ ಒಂದು ಚೂರು ಬಾಯಿಗಿಟ್ಟೆ.

ಹಣ್ಣು ಚೆನ್ನಾಗಿತ್ತು. ನಾನು ಕೊಂಡ ಯಾವ ವರ್ಷದ್ದಕ್ಕಿಂತಲೂ ಚೆನ್ನಾಗಿತ್ತು. ಕೆನ್ನೆಯೊಳಗೆ ಕಿತ್ತುಕೊಂಡ ಹಾಗೆ ನೋವು ಬಂದು, ಮಾತ್ರೆಗೆ ಅಡಗಿದ್ದದ್ದೆಲ್ಲ ಒಟ್ಟಿಗೆ ನುಗ್ಗಿ, ಬಟ್ಟೆ ತೊಯ್ದುಹೋಯಿತು.

ಮೈಸೂರಿನಲ್ಲಿ ಡಾಕ್ಟರು ಬಟ್ಟೆ ಬಿಚ್ಚುತ್ತ, "ಏನು ತಿಂದಿರಿ?" ಎಂದರು.

"ಗಂಜಿ."

"ಗಂಜಿಯಲ್ಲಿ ನಾರಿರುತ್ತದೆಯೇ?" ಬಟ್ಟೆಯ ಅಂಚಿಗೆ ಅಂಟಿದ್ದ ಹುಣಸೆ ನಾರನ್ನು ಚಿಮಟದಲ್ಲಿ ಎತ್ತಿ ಹಿಡಿದಿದ್ದರು. ಬೈಯಲಿಲ್ಲ. ಇನ್ನು ಆಪರೇಷನ್ನೇ, ಒಳಗಡೆಯಿಂದ ಬಾಯಿಗೆ ಹೊಸ ದಾರಿ ಮಾಡಿ ತೆಳುವಾದ ಕೊಳವೆ ಇಟ್ಟು ಹೊಲಿಯುತ್ತೇವೆ, ಸರಿಹೋಗುವ ಸಾಧ್ಯತೆಯೇ ಜಾಸ್ತಿ, ಆದರೆ ಆ ಕಡೆ ಮುಖದ ನರ ಇದೆ, ಹುಷಾರಾಗಿ ಮಾಡುತ್ತೇವೆ ಎಂದರು. ನರಕ್ಕೆ ತಗುಲಿದರೆ ಏನು ಎಂದು ಕೇಳಿದೆ. ಮುಖದ ಒಂದು ಕಡೆ ಅಲ್ಲಾಡದೆ ಹೋಗಬಹುದು ಎಂದರು. ಅಲ್ಲಾಡದ ಮುಖವೇ ನನ್ನ ಬಂಡವಾಳ ಎಂದು ನಗಬೇಕೆನಿಸಿತು. ನಗು ಬರಲಿಲ್ಲ, ತೋರಿಸಿದ ಕಡೆ ಸಹಿ ಹಾಕಿದೆ.

ಹೆಂಗಸರ ವಾರ್ಡು, ಜೊತೆಗೆ ಹೆಂಗಸೇ ಇರಬೇಕು. ಅತ್ತೆಗೆ ಆಗದು. ಮಂಗಳ ಬಂದಳು. ಆಪರೇಷನ್ ಆದ ಮೇಲೆ ನಾಲ್ಕು ಗಂಟೆಗೊಮ್ಮೆ ಬಾಯಿ ತೊಳೆಯಬೇಕು, ಹೊಲಿಗೆಯ ಸುತ್ತ ಹತ್ತಿಯಲ್ಲಿ ಒರೆಸಬೇಕು. ನರ್ಸು ಒಂದು ಸಲ ತೋರಿಸಿದ್ದೇ ತಡ, ಆಮೇಲೆ ನರ್ಸಿಗೇ ಕೆಲಸ ಕೊಡಲಿಲ್ಲ ಅವಳು. ಪ್ರತಿಸಲವೂ ಮೊಣಕೈ ತನಕ ಸೋಪು ಹಚ್ಚಿ ತೊಳೆದು, ಬಳೆ ಮೇಲಕ್ಕೆ ಸರಿಸಿಕೊಂಡು ಬರುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಷ್ಟು ಹತ್ತಿರದಿಂದ ಅವಳ ಕೆನ್ನೆ ನೋಡಲು ಆಗುತ್ತಿರಲಿಲ್ಲ. ಒಂದು ಕಲೆಯಿಲ್ಲ.

ಮೂರನೇ ದಿನ ಮಧ್ಯಾಹ್ನ, ಮಾತಾಡಬಾರದೆಂದು ಹೇಳಿದ್ದರೂ ಕೇಳಿಬಿಟ್ಟೆ. "ನಿಂಗೆ ನನ್ ಮೇಲೆ ಕೋಪ ಇಲ್ವಾ? ನಿನ್ ಬೀಗ ನಾನು ಕಿತ್ಕೊಳ್ಳಕ್ಕೆ ಬಂದೆ."

ಮಂಗಳ ಹತ್ತಿಯನ್ನು ತಟ್ಟೆಗೆ ಹಾಕಿ ಹೊಸ ಚೂರು ಕಿತ್ತುಕೊಂಡಳು.

"ಅಕ್ಕ, ವರ್ಷಕ್ಕೆ ಒಂದಿನ ನನ್ ಕಾಲು ತೊಳೀತಾರೆ. ಮಿಕ್ಕಿದ್ ದಿನವೆಲ್ಲ ಒಂದ್ ಸೋಪು ಬೇಕಾದ್ರೂ ನಾನು ನಿಮ್ಮುನ್ನ ಕೇಳ್ಬೇಕು. ನೀವು ಚೀಲ ನೇತಾಕಂಡು ಬಸ್ಸಿಗೆ ಓಗದ ನೋಡ್ತಾ ನಿಂತಿರ್ತಿದ್ದೆ. ಎಷ್ಟ್ ಉರೀತಿತ್ತು ಗೊತ್ತಾ ನಂಗೆ?" ಆಮೇಲೆ ಬಾಯಿ ತೆರೆಯುವಂತೆ ಸನ್ನೆ ಮಾಡಿದಳು. "ಅಂಗಂತ ನಿಮ್ ಗಾಯಕ್ಕೆ ಮಣ್ಣು ಆಕ್ಲಾ? ಬಾಯಿ ಬುಡಿ."

ನಾನು ಬಾಯಿ ತೆರೆದೆ. ಅವಳು ಹೇಳಿದ್ದು ಕೇಳಿ ನನಗೆ ಮನಸ್ಸು ಹಗುರಾಯಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಗುರಾಗಲಿಲ್ಲ. ಅವಳು ಉರಿದರೂ ಕೈ ತೊಳೆದುಕೊಂಡು ಬಂದಳು, ನಾನು ಉರಿದು ಕೆನ್ನೆ ತೂತು ಮಾಡಿಕೊಂಡೆ. ಇದರಲ್ಲೂ ಅವಳೇ ಮೇಲಾದಳಲ್ಲ ಎಂದು ಇನ್ನಷ್ಟು ಚುಚ್ಚಿತು.

ಮೂರು ವಾರದ ಮೇಲೆ ಕೊಳವೆ ತೆಗೆದರು. ಡಾಕ್ಟರು ನಿಂಬೆಹಣ್ಣಿನ ಹೋಳು ನಾಲಿಗೆಗೆ ಹಿಂಡಿ ಕೆನ್ನೆಗೆ ಟಿಶ್ಯೂ ಕಾಗದ ಒತ್ತಿಟ್ಟರು. ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಣಗಿತ್ತು. ಬಾಯೊಳಗೆ ನೀರೂರಿ ನಾನು ಅದನ್ನು ಗುಟುಕರಿಸಿದೆ. ಮುಖ ಎರಡೂ ಕಡೆ ಅಲ್ಲಾಡಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದಷ್ಟು ಹೊತ್ತು ಅತ್ತುಬಿಟ್ಟೆ. ಮಂಗಳ ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿದಳು.

ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಮುಂದಿನ ವರ್ಷ ಕಾಯಿ ಬಲಿತ ಮೇಲೆ ಅಜ್ಜೀಪುರಕ್ಕೆ ಹೋದೆ. ಕೆಂಪಣ್ಣ ಗೌರವವಾಗಿಯೇ ಚಾಪೆ ಹಾಕಿ, ನೀರು ಕೊಟ್ಟ. ಕೆನ್ನೆ ನೋಡಿ, "ವಾಸಿಯಾಯ್ತಲ್ಲಕ್ಕ, ಒಳ್ಳೇದಾಯ್ತು" ಎಂದ. ಆಮೇಲೆ ಕತ್ತು ಚಾಚಿ ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದ. "ಮಂಗ್ಳಕ್ಕ ಬರ್ನಿಲ್ವಾ?"

ಆ ಕಡೆಯ ಮೂವತ್ತೆರಡು ಮರದವರೂ ಅದನ್ನೇ ಕೇಳಿದರು. ನಾನು ಲೆಕ್ಕ ಗೊತ್ತಿರುವವಳು, ಉಳಿಯದ್ದನ್ನು ಎಳೆದಾಡುವುದಿಲ್ಲ. ಹನೂರಿನ ಕಡೆ ಅವಳಿಗೆ, ಯಳಂದೂರಿನ ಕಡೆ ನನಗೆ ಎಂದು ಹಂಚಿಕೊಂಡೆವು, ಅವಳ ದುಡ್ಡು ಅವಳ ಚೀಲಕ್ಕೆ. ಬೀಗ ಅವಳು ಈಗಲೂ ಹಾಕಿಸಿಕೊಳ್ಳುತ್ತಾಳೆ, ಅತ್ತೆ ಈಗಲೂ ಕಾಲು ತೊಳೆಯುತ್ತಾರೆ. ಚಿಕ್ಕಮಾದಯ್ಯನವರ ಮನೆಗೆ ಹೋಗಿ ಡಾಕ್ಟರು ಬರೆದ ಚಿತ್ರ ತೋರಿಸಿ, ಹಿಂದಕ್ಕೆ ಯಾಕೆ ಹಾಕಬಾರದು ಎಂದು ವಿವರಿಸಿ ಬಂದೆ. "ಓ, ಇದುಕ್ಕಾ ನಮ್ಮಪ್ಪ ಬ್ಯಾಡ ಅಂತಿದ್ದುದು" ಎಂದು ಆ ಕಾಗದವನ್ನು ಕೇಳಿ ಇಟ್ಟುಕೊಂಡರು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ಇಲ್ಲ. ಈಗ ಅದು ಬೆಳೆದಿದೆ, ಮರವೂ ಸೇರಿಕೊಂಡಿದೆ. ಆದರೆ ಕೆನ್ನೆ ಒಣಗಿದೆ.

ಇನ್ನು ಬೀಗ ಹಾಕಿಸಿಕೊಳ್ಳುವವರಿಗೆ, ನಾಲಿಗೆಗೆ ತುಟಿಗೆ ಚುಚ್ಚಿಸಿಕೊಳ್ಳುವ ಮಕ್ಕಳಿಗೆ ಎರಡು ಮಾತು. ಹಾಕಿಸಿಕೊಳ್ಳಬೇಡಿ ಎನ್ನುವುದಿಲ್ಲ, ನನ್ನ ಮಾತು ನೀವು ಕೇಳುವುದೂ ಇಲ್ಲ. ಸರಳು ತೆಳ್ಳಗಿರಲಿ, ನಿಮ್ಮದೇ ಆಗಿರಲಿ, ಒಬ್ಬರಿಂದ ತೆಗೆದದ್ದನ್ನು ಇನ್ನೊಬ್ಬರಿಗೆ ಚುಚ್ಚಿಸಬೇಡಿ. ನೀರು ಚೆನ್ನಾಗಿ ಮರಳಿದ ಮೇಲೂ ಇಪ್ಪತ್ತು ನಿಮಿಷ ಕುದಿಸಿ; ಕುದಿಸಿದರೆ ಬಣ್ಣ ಬಿಡುವ ವಸ್ತುವನ್ನು ಮೈಯೊಳಗೆ ಹಾಕಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಚುಚ್ಚಿಸುವುದಾದರೆ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ, ಕೈಗೆ ಹೊಸ ಗ್ಲೌಸ್ ಹಾಕಲಿ, ಇಲ್ಲದಿದ್ದರೆ ಎದ್ದುಬನ್ನಿ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಆಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸಕ್ಕರೆ ಖಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ.

ವಿಭೂತಿ ಹಣೆಗೆ, ಗಾಯಕ್ಕಲ್ಲ. ಅರಿಶಿನ ಸಾರಿಗೆ. ಏನು ತಿಂದರೂ ಕುಡಿದರೂ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ಹದಿನೈದು ದಿನ ದೂರ. ಗುಂಡನ್ನು ಹಲ್ಲಿಗೆ ತಾಕಿಸಿ ಆಡಬೇಡಿ, ಹಲ್ಲು ಚಕ್ಕೆ ಏಳುತ್ತದೆ. ಸ್ವಲ್ಪ ಊತ ಬರುವುದು ಸಹಜ, ಮೂರು ದಿನದ ಮೇಲೂ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾಲಿಗೆ ಊದಿ ನುಂಗಲು, ಉಸಿರಾಡಲು ತೊಂದರೆಯಾದರೆ ಒಂದು ಗಳಿಗೆಯೂ ಕಾಯಬೇಡಿ. ಉಣ್ಣುವಾಗ ಮಾತ್ರ ಕೆನ್ನೆ ಒದ್ದೆಯಾದರೆ ಅದು ಗಾಯದ ನೀರಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ, ಬರುಬರುತ್ತ ಸರಿಹೋಗುತ್ತದೆ ಎಂದು ನನ್ನ ಹಾಗೆ ಸೆರಗು ಮುಚ್ಚಿಕೊಂಡು ಕೂರಬೇಡಿ. ಡಾಕ್ಟರ ಹತ್ತಿರ ರೂಮಿನ ಬಾಡಿಗೆಗೆ ಚೌಕಾಸಿ ಮಾಡಿ, ಕಟ್ಟು ಕಟ್ಟುವ ದಿನಗಳಿಗೆ ಮಾಡಬೇಡಿ.

ಚುಚ್ಚುವವರು ಇಲ್ಲಿ ಬೇಡ ಎಂದರೆ 'ಯಾಕೆ' ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೂ ಒಪ್ಪಿಕೊಳ್ಳಿ.

ಕೊನೆಯದು. ಚುಚ್ಚಿಸಿಕೊಳ್ಳುವ ಮೊದಲೇ ಆಮೇಲೆ ಗಾಯ ತೊಳೆಯುವವರು ಯಾರು ಎಂದು ನಿಶ್ಚಯ ಮಾಡಿಕೊಳ್ಳಿ. ನಿಮಗೆ ಅವರನ್ನು ಕಂಡರೆ ಆಗದಿದ್ದರೂ ಅಡ್ಡಿಯಿಲ್ಲ, ಅವರಿಗೆ ನಿಮ್ಮನ್ನು ಕಂಡರೆ ಆಗದಿದ್ದರೂ ಅಡ್ಡಿಯಿಲ್ಲ. ಸೋಪು ಹಚ್ಚಿ ಮೊಣಕೈ ತನಕ ಕೈ ತೊಳೆದುಕೊಂಡು ಬರುವವರಾಗಿರಲಿ.